ಹನಕೆರೆಯ ಹಳದಿ ಮಾತ್ರೆ

೧೪ ಜೂನ್ ೧೯೪೩, ಸೋಮವಾರ. ಮಂಡ್ಯ

ಪ್ರಯೋಗಶಾಲೆ ಅಂತ ಕೊಟ್ಟಿರುವುದು ಹಳೇ ಗೋಣಿಚೀಲದ ಗೋದಾಮು. ಎರಡು ಕಿಟಕಿ, ಒಂದಕ್ಕೆ ಬಾಗಿಲಿಲ್ಲ. ಮೇಜಿನ ಕಾಲಿಗೆ ಇಟ್ಟಿಗೆ ಕೊಟ್ಟಿದ್ದಾರೆ. ಪಕ್ಕದ ಸಕ್ಕರೆ ಕಾರ್ಖಾನೆಯ ಭಟ್ಟಿಯಿಂದ ಕಾಕಂಬಿ ಹುಳಿಯುವ ನಾತ ಬಂದು ಮೂಗಿನಲ್ಲೇ ಬಿಡಾರ ಹೂಡಿದೆ. ಬೆಂಗಳೂರಿನಲ್ಲಿ ಆರು ವರ್ಷ ಗಾಜಿನ ಬುಂಡೆಗಳ ಮುಂದೆ ನಿಂತು, ಎರಡು ಪ್ರಬಂಧ ಅಚ್ಚು ಹಾಕಿಸಿದ್ದಕ್ಕೆ ಸಿಕ್ಕ ಪಟ್ಟ ಇದು. ಭೇಷ್.

ತಪ್ಪು ನನ್ನದೇ. ಜಪಾನಿನವರು ಜಾವಾ ಹಿಡಿದ ಮೇಲೆ ಅಲ್ಲಿಂದ ಬರುತ್ತಿದ್ದ ಚಳಿಜ್ವರದ ಮದ್ದು ಕ್ವಿನೈನು ಕಣ್ಣಿಗೆ ಕಾಣುವುದಿಲ್ಲ, ಇದ್ದಬದ್ದದ್ದೆಲ್ಲ ಸೈನ್ಯಕ್ಕೆ. ಇಲ್ಲಿ ನಾಲೆ ಬಂದ ಮೇಲೆ ಭತ್ತ, ಕಬ್ಬು, ಸೊಳ್ಳೆ ಮೂರೂ ಹುಲುಸು, ಮನೆಗೊಬ್ಬ ಚಳಿಜ್ವರದವನು. ಕ್ವಿನೈನಿಗೆ ಬದಲಿ ಮದ್ದನ್ನು ನಾವೇ ಕಟ್ಟಬಹುದು, ಅದರ ಅರ್ಧಕ್ಕೆ ಬೇಕಾದ ಸ್ಪಿರಿಟ್ಟು ಕಾಕಂಬಿಯಿಂದಲೇ ಬರುತ್ತದೆ ಎಂದು ನಾನು ಮೇಲಿನವರಿಗೆ ಬರೆದೆ. 'ಹಾಗಾದರೆ ಕಾಕಂಬಿ ಇರುವ ಕಡೆಗೇ ಹೋಗಿ' ಎಂದರು. ಡಿಸೆಂಬರ್ ಒಳಗೆ ಮೂವತ್ತು ಜನ ರೋಗಿಗಳಲ್ಲಿ ಗುಣ ತೋರಿಸಿದರೆ ಇಲ್ಲೇ ದೊಡ್ಡ ಪ್ರಯೋಗಶಾಲೆ, ನಾನೇ ಅದರ ಮುಖ್ಯಸ್ಥ. ತೋರಿಸದಿದ್ದರೆ ಕಬ್ಬಿನ ಹಾಲಿನಲ್ಲಿ ಸಿಹಿ ಎಷ್ಟಿದೆ ಎಂದು ಅಳೆಯುವ ಕೆಲಸ, ಪಿಂಚಣಿಯವರೆಗೂ.

ಸಹಾಯಕ ಅಂತ ಒಬ್ಬನನ್ನು ಕೊಟ್ಟಿದ್ದಾರೆ. ಹೆಸರು ಶಿವಯ್ಯ, ವಯಸ್ಸು ಐವತ್ತೈದರ ಮೇಲೆ, ವಿದ್ಯೆ ಸೊನ್ನೆ. ಮೂವತ್ತು ವರ್ಷ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುತ್ತಿದ್ದನಂತೆ. ಸಾವಯವ ರಸಾಯನಶಾಸ್ತ್ರಕ್ಕೆ ಬೆಲ್ಲ ಕಾಯಿಸುವವನು! ಬಾಗಿಲಿಗೆ 'ಎ. ಪಿ. ರಾಜ್' ಎಂದು ಹಲಗೆ ಹಾಕಿಸಿದೆ. ಅವನು ಅದನ್ನು ತಲೆಕೆಳಗಾಗಿ ಹೊಡೆದಿದ್ದ.

೧೭ ಜೂನ್

ಅಡುಗೆಗೆ ಒಬ್ಬ ಹೆಂಗಸು ಗೊತ್ತಾಗಿದ್ದಾಳೆ. ಪಟ್ಟಲಮ್ಮ ಅಂತ, ವಿಧವೆ. ಹನಕೆರೆಯಿಂದ ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹೋಗುತ್ತಾಳೆ. ಬಂದವಳೇ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ನೀನು ಆತಗೂರಿನ ಅಪ್ಪಾಜಿ ಮಗ ಪುಟ್ಟರಾಜು ಅಲ್ವೇನಪ್ಪಾ? ನಿಮ್ಮವ್ವ ದೊಡ್ಡತಾಯಮ್ಮ ನಂಗೆ ಚೆಂದಾಗ್ ಗೊತ್ತು. ಸಣ್ಣೋನಾಗಿದ್ದಾಗ ಮಣ್ ತಿಂತಿದ್ದೆ ನೀನು" ಎಂದಳು. ಶಿವಯ್ಯ ಬಾಯಿಗೆ ಟವಲು ಒತ್ತಿಕೊಂಡ.

ಹಲಗೆಯ ಮೇಲಿನ ಎ. ಪಿ. ರಾಜ್ ಒಂದೇ ಮಾತಿಗೆ ಮಣ್ಣು ತಿನ್ನುವ ಪುಟ್ಟರಾಜು ಆದ. ಸಾಹೇಬರು ಅನ್ನಬೇಕು ಎಂದು ಶಿವಯ್ಯನ ಕೈಲಿ ಹೇಳಿಸಿದೆ. "ಆಯ್ತು ಕಣಪ್ಪಾ ಸಾಯೇಬ್ರೆ, ಉಣ್ಣು ಬಾ" ಅಂದಳು. ಸಾರಿಗೆ ಉಪ್ಪನ್ನು ಹಿಡಿಗಟ್ಟಲೆ ಸುರಿಯುತ್ತಾಳೆ. ಈ ಊರಿನ ನಾಲಗೆಗಳೇ ಸತ್ತಿವೆ.

೨ ಜುಲೈ

ಮದ್ದಿನ ಕಟ್ಟಡ ಎರಡು ಭಾಗ. ಒಂದು, ಮೂರು ಉಂಗುರ ಅಂಟಿಕೊಂಡ ಹಳದಿ ತಲೆ. ಅದಕ್ಕೆ ಬೇಕಾದ ಸಾಮಾನು ಮುಂಬಯಿಯ ಬಣ್ಣದ ವ್ಯಾಪಾರಿಯೊಬ್ಬನ ಹಳೇ ದಾಸ್ತಾನಿನಿಂದ ತರಿಸಿದ್ದೇನೆ. ಇನ್ನೊಂದು, ಸಾರಜನಕದ ಬಾಲ. ಅದು ನಮ್ಮ ಸ್ಪಿರಿಟ್ಟಿನಿಂದ ಹುಟ್ಟಬೇಕು. ಬಾಲವಿಲ್ಲದ ತಲೆ ಬರೀ ಬಟ್ಟೆಯ ಬಣ್ಣ. ಬಾಲ ಸರಿಯಾಗಿ ಕೂತರೆ ಅದೇ ಬಣ್ಣ ಹೋಗಿ ರಕ್ತದೊಳಗಿನ ಜ್ವರದ ಕ್ರಿಮಿಯನ್ನು ಹಿಡಿದು ಕೊಲ್ಲುತ್ತದೆ. ಜರ್ಮನಿಯವರು ಇಂಥದ್ದೊಂದನ್ನು ಆಗಲೇ ಮಾಡಿದ್ದಾರೆ, ನನ್ನ ಬಾಲ ಬೇರೆ.

ಇದನ್ನು ನೋಡಲು ಇವತ್ತು ಜ್ವರದ ಇಲಾಖೆಯ ಡಾಕ್ಟರು ಬಂದಿದ್ದರು. ಎಲ್ಲವನ್ನೂ ಕೇಳಿ, ತಲೆ ಅಲ್ಲಾಡಿಸಿ, "ಕಾಫಿ ಎಲ್ಲಿ ಚೆನ್ನಾಗಿ ಸಿಗುತ್ತದೆ ಇಲ್ಲಿ?" ಎಂದರು.

೧೯ ಜುಲೈ, ಸೋಮವಾರ

ಹದಿನಾಲ್ಕು, ಹದಿನೈದು, ಹದಿನಾರು. ಮೂರೂ ಸಲ ಕೊನೆಗೆ ಬುಂಡೆಯ ತಳದಲ್ಲಿ ಉಳಿದದ್ದು ಅಂಟು. ಹರಳಾಗಬೇಕಾದ ಪದಾರ್ಥ ಹರಳಾಗುವುದಿಲ್ಲ ಅಂತ ಹಟ ಹಿಡಿದಿದೆ. ಹರಳಾಗದೆ ಶುದ್ಧವಿಲ್ಲ, ಶುದ್ಧವಾಗದೆ ಒಂದು ಗುಬ್ಬಿಯ ಬಾಯಿಗೂ ಹಾಕುವ ಹಾಗಿಲ್ಲ. ಕಡ್ಡಿ ಹಾಕಿ ಕಲಕಿದೆ, ಮಂಜುಗಡ್ಡೆಯಲ್ಲಿಟ್ಟೆ, ಬೈದೆ.

ಹದಿನೇಳನೆಯದೂ ಅದೇ ದಾರಿ ಹಿಡಿದಾಗ ಶಿವಯ್ಯ ಹಿಂದಿನಿಂದ ಬಗ್ಗಿ ನೋಡಿದ. "ಜೋನಿಬೆಲ್ಲದಂಗೆ ಅಂಟಾಗ್ಬುಟ್ಟದೆ ಕಣ್ ಸ್ವಾಮಿ. ನೀವು ಸುಮ್ಕಿರ್ದೆ ಕದಡ್ತೀರಿ, ಅದುಕ್ಕೇ ಕೂರಾಕಿಲ್ಲ. ಹಿಂದ್ಲು ಬುಂಡೆ ಕತ್ನಾಗೆ ಒಣಗ್ದ ಹಕ್ಕಳೆ ಅಂಟ್ಕಂಡದಲ್ಲಾ, ಅದ್ನ ಒಂದ್ ಚೂರು ಉದುರ್ಸಿ, ಬಟ್ಟೆ ಮುಚ್ಚಿ, ಮೂರ್ ದಿವ್ಸ ಆ ಕಡೀಕೇ ಓಗ್ಬ್ಯಾಡಿ" ಎಂದ.

ರಸಾಯನಶಾಸ್ತ್ರಕ್ಕೆ ಬೆಲ್ಲದ ಪಾಠ. ಬಾಯಿ ಮುಚ್ಚು ಅಂದೆ. ಅವನು ಹೋದ ಮೇಲೆ, ಬೇರೆ ಕೆಲಸವಿರಲಿಲ್ಲವಾದ್ದರಿಂದ, ಹಕ್ಕಳೆ ಉದುರಿಸಿ ಬಟ್ಟೆ ಮುಚ್ಚಿಟ್ಟೆ.

೨೨ ಜುಲೈ

ಕೂತಿದೆ! ಬಟ್ಟೆ ತೆಗೆದರೆ ಬುಂಡೆಯ ತಳದ ತುಂಬಾ ಹಳದಿ ಸೂಜಿಗಳು, ಬಿಸಿಲಿಗೆ ಹಿಡಿದರೆ ಕಣ್ಣು ಕುಕ್ಕುತ್ತದೆ. 'ಅವ್ವಾ' ಅಂತ ಬಾಯಲ್ಲಿ ಬಂದುಬಿಟ್ಟಿತು. ಆರು ವರ್ಷದಲ್ಲಿ ಇಷ್ಟು ಸಂತೋಷ ಒಂದು ದಿನವೂ ಆಗಿರಲಿಲ್ಲ. ಮುಟ್ಟಿ ಮುಟ್ಟಿ ಬೆರಳೆಲ್ಲ ಹಳದಿಯಾಯಿತು. ಶಿವಯ್ಯ ಬಾಗಿಲಲ್ಲಿ ನಿಂತು, "ಒಳ್ಳೆ ಮರಳು ಬಂದದೆ" ಎಂದ, ಬೆಲ್ಲದ ಭಾಷೆಯಲ್ಲೇ.

ಕೆಲಸದ ಪುಸ್ತಕದಲ್ಲಿ ಬರೆದೆ: 'ಹದಿನೇಳನೆಯ ತಯಾರಿಯಲ್ಲಿ ನಾನು ಬೀಜ ಹಾಕಿ ಹರಳು ಪಡೆದೆ.' ಹಾಕಿದ್ದು ನಾನೇ ತಾನೇ. ಮಾದರಿ ನಾಳೆ ಬೆಂಗಳೂರಿಗೆ, ಅಲ್ಲಿ ಜ್ವರ ಹತ್ತಿಸಿದ ಗುಬ್ಬಚ್ಚಿಗಳ ಮೇಲೆ ನೋಡುತ್ತಾರೆ.

೧೧ ಆಗಸ್ಟ್

ಗುಬ್ಬಚ್ಚಿಗಳು ಬದುಕಿದವು. ಒಪ್ಪಿಗೆ ಬಂತು. ಡಾಕ್ಟರು ಹನಕೆರೆ ಆರಿಸಿದ್ದಾರೆ. ಕಾರಣ, ಅಲ್ಲಿ ರೈಲು ನಿಲ್ಲುತ್ತದೆ, ನಡೆಯಬೇಕಾಗಿಲ್ಲ. ಶಿವಯ್ಯ ಹರಳನ್ನು ಗಂಜಿಹಿಟ್ಟಿನಲ್ಲಿ ಕಲಸಿ ಮಾತ್ರೆ ಮಾಡುತ್ತಿದ್ದಾನೆ. ಒಂದೊಂದೂ ಒಂದೇ ತೂಕ, ತಕ್ಕಡಿ ಹಾಕಿ ನೋಡಿದೆ. ಬೆಲ್ಲದ ಅಚ್ಚು ಕಟ್ಟಿದ ಕೈಗೆ ಅಷ್ಟಾದರೂ ಬರಬೇಕು.

೧೬ ಆಗಸ್ಟ್, ಸೋಮವಾರ. ಹನಕೆರೆ

ಸ್ಟೇಷನ್ನಿನ ಜಗಲಿಯ ಮೇಲೆ ಮೂವತ್ತು ಜನ, ಎಲ್ಲರ ಎಡಪಕ್ಕೆಯ ಕೆಳಗೂ ಜ್ವರಗಡ್ಡೆ. ಒಬ್ಬೊಬ್ಬರ ಕುತ್ತಿಗೆಗೂ ನಂಬರಿನ ರಟ್ಟು ಕಟ್ಟಿಸಿದೆ. ಹೆಸರು ಯಾರಿಗೆ ಬೇಕು? ಹತ್ತು ಜನ ಸಿದ್ದಯ್ಯಂದಿರು, ಹತ್ತು ಜನ ತಾಯಮ್ಮಂದಿರು. ಇಪ್ಪತ್ತೊಂದು ದಿನ, ದಿನಕ್ಕೊಂದು ಮಾತ್ರೆ, ನನ್ನ ಎದುರಿಗೇ ನುಂಗಬೇಕು.

ಮೂರನೆಯವನು ಸ್ಟೇಷನ್ನಿನ ಪಾಯಿಂಟ್ಸ್‌ಮನ್ ಕರಿಸಿದ್ದಯ್ಯ, ಬಾಯಿಬಡುಕ. ಹನ್ನೊಂದನೆಯವಳು ನಮ್ಮ ಪಟ್ಟಲಮ್ಮನ ಒಬ್ಬಳೇ ಮಗಳು ಹೊಂಬಾಳಮ್ಮ, ಇಪ್ಪತ್ತು ವರ್ಷ. ಮದುವೆಯಾಗಿ ವರ್ಷವಾಗಿದೆ, ಜ್ವರ ಬಿಡದೆ ತವರಿಗೆ ಬಂದಿದ್ದಾಳೆ. ಮಾತ್ರೆ ಅಂಗೈಯಲ್ಲಿಟ್ಟುಕೊಂಡು, "ಇದು ಏನ್ ಮದ್ದು?" ಎಂದಳು. ಮೊದಲನೇ ದಿನವೇ ಪ್ರಶ್ನೆ. "ಸರ್ಕಾರದ ಮದ್ದು" ಅಂದೆ. ಆಮೇಲೆ ಎಲ್ಲರೂ ತೆಪ್ಪಗೆ ನುಂಗಿದರು.

೨೨ ಆಗಸ್ಟ್, ಭಾನುವಾರ

ಇಪ್ಪತ್ತೆರಡು ಜನರಿಗೆ ಜ್ವರ ಇಳಿದಿದೆ. ಏಳೇ ದಿನದಲ್ಲಿ! ಡಾಕ್ಟರು ಕಾಗದ ಓದಿ ನನ್ನ ಬೆನ್ನು ತಟ್ಟಿದರು. ಬೆಂಗಳೂರಿನಲ್ಲಿ ನನ್ನ ಬಗ್ಗೆ ನಕ್ಕವರ ಮುಖಗಳನ್ನು ಒಂದೊಂದಾಗಿ ನೆನೆಸಿಕೊಂಡೆ.

ಹನ್ನೊಂದು ಮತ್ತೆ ಪ್ರಶ್ನೆ ತಂದಿದ್ದಳು. ಸೆರಗಿನಿಂದ ಕೈ ಈಚೆ ತೆಗೆದು, "ಸಾಯೇಬ್ರೆ, ಅಂಗೈ ನೋಡಿ, ಅರಿಸ್ನ ಆಗದೆ. ಕಣ್ಣೂ ಅಂಗೇ ಅಂತಾರೆ. ಕಾಮಾಲೆ ಏನಾರ ಬಂತಾ?" ಅಂತ. ಜಗಲಿಯೆಲ್ಲ ನನ್ನ ಕಡೆಗೇ ನೋಡುತ್ತಿತ್ತು. "ನುಂಗು. ಪ್ರಶ್ನೆ ಕೇಳೋದು ನಿನ್ನ ಕೆಲಸವಲ್ಲ" ಅಂದೆ.

ಬಣ್ಣದ ಕಟ್ಟಡ ಮೈಗೆ ಹತ್ತಿದರೆ ಹಳದಿ ಬಾರದೆ ಕೆಂಪು ಬರುತ್ತದೆಯೇ? ಇದು ಕಾಮಾಲೆಯಲ್ಲ, ಪಿತ್ತಕೋಶಕ್ಕೂ ಇದಕ್ಕೂ ಸಂಬಂಧವಿಲ್ಲ, ಮಾತ್ರೆ ನಿಲ್ಲಿಸಿದ ತಿಂಗಳಿಗೆ ತಾನೇ ಹೋಗುತ್ತದೆ. ಹಳದಿ ಬಂತೆಂದರೆ ಮದ್ದು ಮೈಗೆ ಹಿಡಿಯಿತೆಂದೇ ಅರ್ಥ. ಇದನ್ನೆಲ್ಲ ಅವಳಿಗೆ ಎಲ್ಲಿಂದ ಶುರುಮಾಡಿ ಹೇಳಲಿ, ಬೆಂಜೀನಿನಿಂದಲೇ? ಊಟಕ್ಕೆ ಕೂತಾಗ ಡಾಕ್ಟರಿಗೆ ಹೇಳಿದೆ, ಇಬ್ಬರೂ ಹೊಟ್ಟೆ ತುಂಬಾ ನಕ್ಕೆವು.

೨೭ ಆಗಸ್ಟ್

ಏನೋ ಕೆಟ್ಟಿದೆ. ಮೂವತ್ತೂ ಜನ ಬರುತ್ತಾರೆ, ಬಾಯಿ ತೆರೆಯುತ್ತಾರೆ, ಮಾತ್ರೆ ಒಳಗೆ ಹೋಗುತ್ತದೆ. ಆದರೂ ಹದಿನಾಲ್ಕು ಜನರಿಗೆ ಚಳಿ ಮತ್ತೆ ಹತ್ತಿದೆ. ಮದ್ದು ಡಬ್ಬಿಯಲ್ಲೇ ಕೆಡುತ್ತಿದೆಯೇ? ಹರಳನ್ನು ಮತ್ತೆ ಕರಗಿಸಿ ನೋಡಿದೆ, ಸರಿಯಾಗಿದೆ. ಶಿವಯ್ಯ ಗಂಜಿಗೆ ಏನಾದರೂ ಬೆರೆಸಿದನೇ ಎಂದು ಕೂಗಾಡಿದೆ. ಅವನು ಒಂದು ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ಅಗಿದು ತೋರಿಸಿದ.

೨೯ ಆಗಸ್ಟ್, ಭಾನುವಾರ

ಕತ್ತೆಗಳು. ಮೂವತ್ತು ಕತ್ತೆಗಳು.

ಇವತ್ತು ವಾಪಸಿನ ರೈಲು ತಡ. ಹೊತ್ತು ಹೋಗದೆ ಸ್ಟೇಷನ್ನಿನ ಹಿಂದಕ್ಕೆ ಹೋದೆ. ಗೋಡೆಯ ಬುಡವೆಲ್ಲ ಹಳದಿ, ಹುಲ್ಲು ಹಳದಿ, ಅರೆಕರಗಿದ ನನ್ನ ಮಾತ್ರೆಗಳು ಸಾಲಾಗಿ ಬಿದ್ದಿವೆ. ನಾಲಗೆಯಡಿ ಇಟ್ಟುಕೊಂಡು, ನನಗೆ ಬಾಯಿ ತೋರಿಸಿ, ಹಿಂದೆ ಬಂದು ಉಗಿದು ಹೋಗುತ್ತಿದ್ದಾರೆ! ಓಡಿ ಬಂದು ಕರಿಸಿದ್ದಯ್ಯನ ಕೈ ಹಿಡಿದೆಳೆದರೆ ಮುಂಗೈಯಲ್ಲಿ ಹಸಿ ಬರೆ. ಪಕ್ಕದವನಿಗೂ ಬರೆ. ಹತ್ತೊಂಬತ್ತು ಜನರ ಮುಂಗೈಯಲ್ಲಿ ಒಂದೇ ಅಳತೆಯ ಬರೆ.

ಸೋಮನಹಳ್ಳಿಯ ಕೆಂಪಸಿದ್ದಯ್ಯ ಅಂತ ಒಬ್ಬ ಇದ್ದಾನಂತೆ, ಕಾಮಾಲೆಗೆ ಅರಿಸಿನದ ಕೊಂಬು ಕಾಯಿಸಿ ಬರೆ ಹಾಕುವವನು. ಮಂಗಳವಾರ ಗಾಡಿ ಕಟ್ಟಿಕೊಂಡು ಬಂದು ಊರಿಗೆ ಊರನ್ನೇ ಕೂರಿಸಿ ಸುಟ್ಟು ಹೋಗಿದ್ದಾನೆ. ಉಪ್ಪು, ಕಾರ, ಎಣ್ಣೆ ಮೂರೂ ಬಿಡಿ ಎಂದು ಪಥ್ಯ ಹೇಳಿ, 'ಆ ಹಳದಿ ಮಾತ್ರೆ ಮುಟ್ಟಬೇಡಿ' ಎಂದನಂತೆ. ನಾಳೆ ಬರುವುದಿಲ್ಲ ಎಂದು ನನ್ನ ಮುಖಕ್ಕೇ ಹೇಳಬಹುದಿತ್ತಲ್ಲ ಅಂದೆ. ಕರಿಸಿದ್ದಯ್ಯ ತಲೆ ಕೆರೆದುಕೊಂಡು, "ಪಾಪ, ನೀವು ದಿನಾ ರೈಲತ್ತಿ ಬತ್ತೀರಿ. ಬ್ಯಾಡ ಅಂದ್ರೆ ನೊಂದ್ಕತೀರಿ ಅಂತ ಇಸ್ಕೊತಿದ್ದೋ" ಎಂದ.

ನನ್ನ ಮರ್ಯಾದೆಗಾಗಿ ಉಗಿದರಂತೆ! ಬಾಯಿಗೆ ಬಂದದ್ದೆಲ್ಲ ಬೈದೆ. ನಾಳೆಯಿಂದ ಒಬ್ಬರೂ ಬರುವುದಿಲ್ಲ.

೧ ಸೆಪ್ಟೆಂಬರ್

ಪಟ್ಟಲಮ್ಮ ಮೂರು ದಿನದಿಂದ ಬಂದಿಲ್ಲ. ಶಿವಯ್ಯ ಅನ್ನ ಬೇಯಿಸುತ್ತಾನೆ, ಅದೂ ಪಾಕವಾಗುತ್ತದೆ. ಮಗಳಿಗೆ ಜ್ವರ ಜೋರಂತೆ. ಬರೆ ಹಾಕಿದವನನ್ನು ಕೇಳಿಕೊಳ್ಳಲಿ. ನನಗೂ ಅದಕ್ಕೂ ಏನು? ಡಾಕ್ಟರಿಗೆ ಹೇಳಿ ಕಳಿಸಿದೆ. ಮಳವಳ್ಳಿಯ ಕಡೆ ಪ್ರವಾಸ ಹೋಗಿದ್ದಾರೆ, ಇದ್ದಿಲು ಗ್ಯಾಸಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆಯಂತೆ. ಇವರ ಬಸ್ಸಿಗೂ ಚಳಿಜ್ವರ.

೨ ಸೆಪ್ಟೆಂಬರ್

ಹನಕೆರೆಗೆ ಹೋಗಿದ್ದೆ. ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಚಮಚದಲ್ಲಿ ಬಾಯಿಗೆ ಬಿಟ್ಟೆ, ಕಟಬಾಯಿಯಿಂದ ಇಳಿದುಹೋಯಿತು. ಪ್ರಜ್ಞೆ ಇಲ್ಲ. ಮತ್ತೆ ಬಿಟ್ಟೆ, ಮತ್ತೆ ಇಳಿಯಿತು. ದಿಂಬು ಹಳದಿಯಾಯಿತು.

ಪಟ್ಟಲಮ್ಮ ಗೋಡೆಗೊರಗಿ ಕೂತಿದ್ದಳು. ನನ್ನನ್ನು ನೋಡದೆ ಹೇಳಿದಳು: "'ನಾನು ಕೇಳ್ದೆ ಕಣವ್ವಾ, ಅವ್ರು ಯೋಳ್ನಿಲ್ಲ' ಅಂದ್ಲು ಮಗ್ಳು. ಯೋಳ್ನಿಲ್ಲ ಅಂದ್ರೆ ಅದು ಕಾಮಾಲೆಯೇ ಇರ್ಬೇಕು ಅನ್ಕೊಂಡೋ."

ಮೂರು ಗಂಟೆಯ ರೈಲು ಬಿಟ್ಟೆ. ಸಂಜೆಯ ರೈಲಿಗೆ ಬಂದೆ.

೩ ಸೆಪ್ಟೆಂಬರ್

ಹನ್ನೊಂದು ಇಲ್ಲ. ಬೆಳಿಗ್ಗೆ ಹೋಯಿತು.

೪ ಸೆಪ್ಟೆಂಬರ್

ಬಿಟ್ಟದ್ದು ಅವಳು. ಬಿಡು ಎಂದು ನಾನು ಹೇಳಿದೆನೇ? ನುಂಗು ಅಂದೆ. ಅಷ್ಟು ಸ್ಪಷ್ಟವಾಗಿ ಇನ್ಯಾರು ಹೇಳುತ್ತಾರೆ? ಸುಟ್ಟವನು ಕೆಂಪಸಿದ್ದಯ್ಯ, ಉಗಿದವರು ಅವರು, ಊರು ಬಿಟ್ಟು ಹೋದವರು ಡಾಕ್ಟರು. ಮದ್ದು ಸರಿ ಇತ್ತು. ನನ್ನ ಮದ್ದಿನಲ್ಲಿ ಒಂದು ಚೂರು ಕಲ್ಮಶ ಇರಲಿಲ್ಲ.

ನುಂಗು ಅಂದೆ, ಪ್ರಶ್ನೆ ಕೇಳೋದು ನಿನ್ನ ಕೆಲಸವಲ್ಲ ಅಂದೆ. ಆ ದಿನದ ಹಾಳೆಯನ್ನು ತೆಗೆದು ಮತ್ತೆ ಓದಿದೆ. ನಾನು ಬರೆದದ್ದು ಹಾಗೇ ಇದೆ.

೬ ಸೆಪ್ಟೆಂಬರ್, ಸೋಮವಾರ

ಈ ಜನಕ್ಕೆ ಬಾಯಲ್ಲಿ ಹೇಳಿದರೆ ಪ್ರಯೋಜನವಿಲ್ಲ, ಕಣ್ಣಿಗೆ ಕಾಣಬೇಕು. ಹನಕೆರೆಗೆ ಹೋಗಿ ಅರಳಿಕಟ್ಟೆಯ ಮೇಲೆ ನಿಂತು, ಎಲ್ಲರೂ ನೋಡುವ ಹಾಗೆ ಒಂದು ಮಾತ್ರೆ ನುಂಗಿ ಬಾಯಿ ತೆರೆದು ತೋರಿಸಿದೆ, ನಾಲಗೆ ಎತ್ತಿಯೂ ತೋರಿಸಿದೆ. "ನಾಳೆ ಬರ್ತೀನಿ, ನಾಡಿದ್ದು ಬರ್ತೀನಿ. ನಾನು ಸತ್ತರೆ ಬರೆ ಹಾಕಿ" ಅಂದೆ. ಹೆಂಗಸರು ನೀರಿನ ಬಿಂದಿಗೆ ಹೊತ್ತು ನಿಂತು ನೋಡಿದರು. ಒಬ್ಬಳೂ ನಗಲಿಲ್ಲ.

೧೩ ಸೆಪ್ಟೆಂಬರ್

ಕನ್ನಡಿಯಲ್ಲಿ ನೋಡಿಕೊಂಡರೆ ನನಗೇ ಅಸಹ್ಯ. ಕಣ್ಣು, ಕೆನ್ನೆ, ಅಂಗೈ, ಉಗುರಿನ ಬುಡ, ಎಲ್ಲ ಹಳದಿ. ಮಂಡ್ಯದ ಪೇಟೆಯಲ್ಲಿ ಜನ ದಾರಿ ಬಿಟ್ಟು ನಿಲ್ಲುತ್ತಾರೆ. ಹನಕೆರೆಯಲ್ಲಿ ರೈಲಿನಿಂದ ಇಳಿಯುತ್ತಲೇ ಕರಿಸಿದ್ದಯ್ಯ ಹಸಿರು ಬಾವುಟ ಕಂಕುಳಲ್ಲಿಟ್ಟುಕೊಂಡು ಕೂಗಿದ: "ಏನ್ ಸಾಯೇಬ್ರೆ, ಅರಿಸ್ನೆಣ್ಣೆ ಸಾಸ್ತ್ರ ಆಯ್ತಾ? ಎಣ್ಣು ಯಾವೂರು?"

ಜಗಲಿಗೆ ಜಗಲಿಯೇ ನಕ್ಕಿತು. ಮೈಯೆಲ್ಲ ಉರಿಯಿತು. ಮೂವತ್ತನಾಲ್ಕು ವರ್ಷದ ಬ್ರಹ್ಮಚಾರಿಯನ್ನು ಮದುಮಗ ಮಾಡಿ ಮೆರೆಸುತ್ತಿದ್ದಾರೆ. "ನಿಮ್ಮೂರ್ದೇ ಕಣ್ಲಾ, ನಿನ್ನ ತಂಗಿ ಇದ್ರೆ ತಂದ್ ನಿಲ್ಸು" ಅಂದುಬಿಟ್ಟೆ. ನಗು ಇನ್ನೂ ಜೋರಾಯಿತು. ಆ ನಗುವಿನ ಮಧ್ಯೆ ಒಬ್ಬ ಮುದುಕಿ, ಅಂಕಮ್ಮ ಅಂತ, ಇಪ್ಪತ್ತನೇ ನಂಬರಿನವಳು, ಹತ್ತಿರ ಬಂದು ನನ್ನ ಅಂಗೈ ಉಜ್ಜಿ ನೋಡಿ, "ಇದ್ಯಾಕೆ ಇಂಗಾಯ್ತದೆ ಮಗ?" ಎಂದಳು.

ಹೇಳಿದೆ. "ಇದು ಬಣ್ಣದಿಂದ ಮಾಡಿದ ಮದ್ದು ಕಣಮ್ಮ. ಬಟ್ಟೆಗೆ ಬಣ್ಣ ಹತ್ತೋ ಹಂಗೆ ಚರ್ಮಕ್ಕೂ ಹತ್ತುತ್ತೆ. ಮಾತ್ರೆ ಬಿಟ್ಟು ತಿಂಗಳಾದ್ರೆ ತಾನೇ ಹೋಗುತ್ತೆ. ಕಾಮಾಲೆ ಅಲ್ಲ" ಅಂದೆ. "ಅಷ್ಟೇಯಾ?" ಎಂದಳು. ಅಷ್ಟೇ ಅಂದೆ. ಹೇಳಿ ಮುಗಿಸಿದಾಗ ನಾನು ಬಂದಿಳಿದ ರೈಲು ಇನ್ನೂ ಹೊರಟೇ ಇರಲಿಲ್ಲ.

೧೫ ಸೆಪ್ಟೆಂಬರ್

ಕೆಂಪಸಿದ್ದಯ್ಯ ನನ್ನನ್ನು ನೋಡಲಿಕ್ಕೇ ಸೋಮನಹಳ್ಳಿಯಿಂದ ಬಂದಿದ್ದ. ಒಣಗಿದ ಮುದುಕ, ಕಿವಿಯಲ್ಲಿ ಬೀಡಿ. ಕಟ್ಟೆಯ ಮೇಲೆ ನನ್ನನ್ನು ಕೂರಿಸಿ, ರೆಪ್ಪೆ ಎಳೆದು, ಉಗುರು ಒತ್ತಿ, ಹೊಟ್ಟೆ ಅದುಮಿ ನೋಡಿದ. ಆಮೇಲೆ, "ಕಾಮಾಲೆ ಅಲ್ಲ. ಕಾಮಾಲೆಯೋನ್ಗೆ ಇಷ್ಟೊಂದ್ ಸಿಟ್ ಮಾಡಾಕೆ ತ್ರಾಣ ಇರಾಕಿಲ್ಲ" ಎಂದ.

ನಾನು ಅವನನ್ನು ಬೈಯಬೇಕೆಂದೇ ಮಾತು ಕಟ್ಟಿಕೊಂಡು ಹೋಗಿದ್ದೆ. ಅವನೇ ಮೊದಲು ಶುರುಮಾಡಿದ. "ನಿನ್ ಮದ್ದು ಅರಿಸ್ನ ಬರ್ಸ್ತದೆ ಅಂತ ಒಂದ್ ಮಾತು ಯೋಳಿ ಕಳ್ಸಿದ್ರೆ ನಾನ್ಯಾಕೆ ಬರೆ ಆಕ್ತಿದ್ದೆ? ಆ ಎಣ್ಣುಮಗ್ಳಿಗೂ ನಾನೇ ಆಕ್ದೋನು. ಅನ್ನ ಸೇರಾಕಿಲ್ಲ ನಂಗೆ." ಕಿವಿಯ ಬೀಡಿ ಕೆಳಗೆ ಬಿದ್ದದ್ದೂ ಅವನಿಗೆ ತಿಳಿಯಲಿಲ್ಲ. ಎತ್ತಿ ಕೊಟ್ಟೆ.

ಇಪ್ಪತ್ತಾರು ಜನ ಮಾತ್ರೆ ನುಂಗಿದರು. ಗೋಡೆಯ ಹಿಂದೆ ಹೋಗಿ ನೋಡಿದೆ. ಏನೂ ಇರಲಿಲ್ಲ.

೧೭ ಸೆಪ್ಟೆಂಬರ್

ಮಗಳ ಹನ್ನೊಂದರ ಕಾರ್ಯ ಮುಗಿಸಿ ಪಟ್ಟಲಮ್ಮ ಇವತ್ತು ಕೆಲಸಕ್ಕೆ ಬಂದಳು. ಬರುತ್ತಾಳೆಂದು ಅಂದುಕೊಂಡಿರಲಿಲ್ಲ. ನನ್ನ ಮುಖವನ್ನು ಒಂದು ಸಲ ನೋಡಿದಳು, ಒಲೆ ಹೊತ್ತಿಸಿದಳು. ಮಾತಿಲ್ಲ. ಸಾರಿಗೆ ಉಪ್ಪಿಲ್ಲ, ಕಾರವಿಲ್ಲ, ಒಗ್ಗರಣೆಯಿಲ್ಲ. ದುಃಖದಲ್ಲಿ ಮರೆತಿದ್ದಾಳೆ ಅಂತ ಸುಮ್ಮನೆ ಉಂಡೆ.

೨೧ ಸೆಪ್ಟೆಂಬರ್

ಐದನೇ ದಿನವೂ ಉಪ್ಪಿಲ್ಲ. ಇದು ಮರೆವಲ್ಲ, ಸೇಡು. ಮಾತಾಡದೆ ನನ್ನ ನಾಲಗೆಯ ಮೇಲೆ ತೀರಿಸಿಕೊಳ್ಳುತ್ತಿದ್ದಾಳೆ. ತಟ್ಟೆ ತಳ್ಳಿ ಗೋದಾಮಿಗೆ ಬಂದು ಶಿವಯ್ಯನ ಮುಂದೆ ಕೂಗಾಡಿದೆ. ಬೇಕಾದರೆ ಬೈಯಲಿ, ಕೆಲಸ ಬಿಡಲಿ, ಹೀಗೆ ಹೇಡಿ ಥರ ಉಪ್ಪು ಕದಿಯುವುದೇನು ಅಂದೆ.

ಶಿವಯ್ಯ ಒರೆಸುತ್ತಿದ್ದ ಬುಂಡೆಯನ್ನು ಕೆಳಗಿಟ್ಟ. "ಸೇಡಲ್ಲ ಕಣ್ ಸ್ವಾಮಿ. ಪಥ್ಯ ಇಕ್ತಾವ್ಳೆ. ನಿಮ್ಗೆ ಕಾಮಾಲೆ ಅಂತ."

ನನಗೆ ಅರ್ಥವಾಗಲಿಲ್ಲ. ಊರಿಗೆಲ್ಲ ಹೇಳಿದ್ದೇನಲ್ಲ, ಕೆಂಪಸಿದ್ದಯ್ಯನೇ ಅಲ್ಲ ಎಂದನಲ್ಲ ಅಂದೆ.

"ನಾನೂ ಯೋಳ್ದೆ. 'ಕಾಮಾಲೆ ಅಲ್ದಿದ್ರೆ ಮಗ್ಳು ಕೇಳ್ದಾಗ್ಲೇ ಅನ್ನೋನು, ಇವತ್ತು ಯಾಕಂದಾನು, ಸುಳ್ಳು' ಅಂತಾಳೆ. 'ಮಗ್ಳಿಗೆ ಪಥ್ಯ ಇಕ್ಕೋದು ತಡ ಆಗೋಯ್ತು, ಇವ್ನಿಗಾರ ಮೊದ್ಲೇ ಇಕ್ತೀನಿ, ಇವ್ನವ್ವ ದೊಡ್ಡತಾಯಮ್ಮಂಗೂ ಇವ್ನೊಬ್ನೇ ಮಗ' ಅಂತ ಅತ್ಲು."

ಹಿಂದಕ್ಕೆ ಹೋದೆ. ತಟ್ಟೆ ಅಲ್ಲೇ ಇತ್ತು. ಕೂತು ಪೂರ್ತಿ ಉಂಡೆ. ಥೂ, ಇಷ್ಟು ದೊಡ್ಡವನಾಗಿ ಅಡುಗೆಮನೆಯಲ್ಲಿ ಅತ್ತದ್ದನ್ನು ಬರೆಯುವುದೇನು.

೪ ಅಕ್ಟೋಬರ್, ಸೋಮವಾರ

ಲೆಕ್ಕ ನಿಂತಿತು. ಉಳಿದ ಇಪ್ಪತ್ತೊಂಬತ್ತರಲ್ಲಿ ಇಪ್ಪತ್ತಾರು ಜನರಿಗೆ ಜ್ವರ ಬಿಟ್ಟಿದೆ, ಗಡ್ಡೆ ಕರಗುತ್ತಿದೆ. ಅಂಕಮ್ಮ ಕಳೆ ತೆಗೆಯಲು ಹೋಗುತ್ತಿದ್ದಾಳೆ. ಡಾಕ್ಟರು ಮಳವಳ್ಳಿಗೂ ಮದ್ದೂರಿಗೂ ಮಾತ್ರೆ ಬೇಕು ಎಂದು ಕುಣಿಯುತ್ತಿದ್ದಾರೆ. ವರದಿಯ ಕರಡನ್ನು ತಾವೇ ಮಾಡಿಕೊಂಡು ಬಂದಿದ್ದರು, ನಾನು ಸಹಿ ಹಾಕಿದರೆ ಸಾಕು.

ಅದರಲ್ಲಿ ಹೀಗಿದೆ: '೧೧ನೇ ನಂಬರ್: ಅಜ್ಞಾನದಿಂದ ಮದ್ದು ಬಿಟ್ಟು, ಬರೆ ಹಾಕಿಸಿಕೊಂಡು, ಮೃತಳಾದಳು.' ಕೇಳಿದ್ದಳಲ್ಲ ಅಂದೆ. "ಅದನ್ನು ಬರೆಯಬೇಡಿ ರಾಜ್. ರೋಗಿ ಕೇಳಿದರೂ ತಿಳಿಸಲಿಲ್ಲ ಅಂತಾದರೆ ಪ್ರಯೋಗ ನಡೆಸಿದವನದೇ ತಪ್ಪು ಅಂತ ಇಡೀ ಲೆಕ್ಕವನ್ನೇ ತಳ್ಳಿಹಾಕುತ್ತಾರೆ. ನಿಮ್ಮ ಪ್ರಯೋಗಶಾಲೆ ಹೋಯಿತು ಅನ್ನಿ" ಎಂದರು. ಕರ್ಚೀಫಿನಿಂದ ಕುರ್ಚಿ ಒರೆಸಿ ಕೂತರು. "ಸತ್ತವಳು ಬಂದು ಕೇಳುತ್ತಾಳೆಯೇ?" ಎಂದು ನಕ್ಕರು.

ಆ ದಿನ ಊಟದಲ್ಲಿ ನಾನೂ ಇದೇ ನಗು ನಕ್ಕಿದ್ದು. 'ಎದ್ದು ಹೋಗಿ' ಅಂದೆ. ಅವರಿಗೆ ಕೇಳಿಸಲಿಲ್ಲವೋ ಏನೋ, ಕಾಫಿ ಕುಡಿದೇ ಹೋದರು.

೮ ಅಕ್ಟೋಬರ್, ಶುಕ್ರವಾರ

ನಾಲ್ಕು ದಿನ ಆ ಕಾಗದ ಮೇಜಿನ ಮೇಲೆ ಬಿದ್ದಿತ್ತು. ನನಗೆ ಪ್ರಯೋಗಶಾಲೆ ಬೇಕು. ತುಂಬಾ ಬೇಕು, ಸುಳ್ಳು ಹೇಳಿ ಏನು ಪ್ರಯೋಜನ. ಅಜ್ಞಾನ ಅನ್ನುವ ಒಂದು ಶಬ್ದಕ್ಕೆ ಸಹಿ ಹಾಕಿದರೆ ಮಳವಳ್ಳಿಯಲ್ಲಿ ನೂರು ಜನ ಬದುಕುತ್ತಾರಲ್ಲ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಮಳವಳ್ಳಿಯವರೂ ಹಳದಿಯಾಗುತ್ತಾರೆ, ಅಲ್ಲೂ ಒಬ್ಬಳು ಅಂಗೈ ತೋರಿಸಿ ಕೇಳುತ್ತಾಳೆ, ಈ ವರದಿ ಓದಿದವನು ಅವಳಿಗೂ ನುಂಗು ಅಂತಾನೆ. ಅಷ್ಟೇ ತಾನೇ ಆಗೋದು.

ಬೆಳಿಗ್ಗೆ ಹೊಸ ಕಾಗದ ತೆಗೆದು ಬರೆದೆ. ಹರಳಾದ ಕಡೆ 'ಶಿವಯ್ಯನ ಸಲಹೆಯಂತೆ' ಅಂತಲೂ ಸೇರಿಸಿದೆ, ಬಿಟ್ಟುಹೋಗಿತ್ತು. ಅವನಿಗೆ ಓದಿ ಹೇಳಿದರೆ, "ಅದ್ಯಾಕ್ ಸ್ವಾಮಿ, ಬೆಲ್ಲದೋರ್ಗೆಲ್ಲಾ ಗೊತ್ತಿರೋದೇಯಾ" ಅಂದ. ಆಮೇಲೆ ಅಡುಗೆಮನೆಗೆ ಹೋದೆ. ಪಟ್ಟಲಮ್ಮ ಕಾಳು ಬಿಡಿಸುತ್ತಿದ್ದಳು. ವರದಿ ಇಂಗ್ಲಿಷಿನಲ್ಲಿತ್ತು. ಎದುರಿಗೆ ಕುಕ್ಕರುಗಾಲಲ್ಲಿ ಕೂತು ಆ ಭಾಗವನ್ನು ನಮ್ಮ ಮಾತಲ್ಲಿ ಹೇಳಿದೆ.

"ಹೊಂಬಾಳಮ್ಮ, ಹನಕೆರೆ, ಇಪ್ಪತ್ತು ವರ್ಷ. ಏಳ್ನೇ ದಿನ ಮೈ ಹಳದಿ ಆಗಿದ್ದು ಕಂಡು, ಇದು ಕಾಮಾಲೆಯಾ ಅಂತ ಎಲ್ಲಾರ್ ಎದುರ್ಗೂ ಕೇಳಿದ್ಲು. ಪುಟ್ಟರಾಜು ಅನ್ನೋನು ಹೇಳ್ನಿಲ್ಲ. ಅದುಕ್ಕೇ ಮದ್ದು ಬಿಟ್ಲು. ಅದುಕ್ಕೇ ಸತ್ಲು. ತಪ್ಪು ಪುಟ್ಟರಾಜುದು."

ಪಟ್ಟಲಮ್ಮ ಕಾಳಿನಿಂದ ಕೈ ತೆಗೆಯಲಿಲ್ಲ. ಇನ್ನೆರಡು ಕಾಯಿ ಬಿಡಿಸಿ, "ಕೇಳಿದ್ಲು ಅಂತ ಬರ್ದಿದ್ದೀಯಾ?" ಎಂದಳು.

"ಬರ್ದಿವ್ನಿ."

"ಇನ್ನೊಂದ್ಸಲ ಓದು."

ಓದಿದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, ನನ್ನ ಗಲ್ಲ ಹಿಡಿದು ಬೆಳಕಿನ ಕಡೆಗೆ ತಿರುಗಿಸಿ ಕಣ್ಣು ನೋಡಿದಳು. "ಅಂಗಾರೆ ಇದು ಕಾಮಾಲೆ ಅಲ್ಲಾ?"

"ಅಲ್ಲ ಕಣವ್ವ. ಬಣ್ಣ."

"ಸರಿ ಬುಡು" ಅಂದಳು.

೯ ಅಕ್ಟೋಬರ್

ಕಾಗದವನ್ನು ರಿಜಿಸ್ಟರ್ ಅಂಚೆಯಲ್ಲಿ ಹಾಕಿ ಬಂದೆ. ಡಾಕ್ಟರಿಗೆ ಗೊತ್ತಾದರೆ ಉರಿದುಬೀಳುತ್ತಾರೆ, ಬೀಳಲಿ. ಕಬ್ಬಿನ ಹಾಲಿನ ಸಿಹಿ ಅಳೆಯೋದು ಶಿವಯ್ಯನ ಹತ್ರ ಕೇಳ್ಕೊಂಡರಾಯ್ತು, ಅವನಿಗೆ ನಾಲಗೆಯಲ್ಲೇ ಗೊತ್ತಾಗುತ್ತಂತೆ.

ಮಧ್ಯಾಹ್ನ ಊಟಕ್ಕೆ ಕೂತೆ. ಪಟ್ಟಲಮ್ಮ ಮುದ್ದೆ ಇಟ್ಟು ಸಾರು ಬಿಟ್ಟಳು. ಒಂದು ತುತ್ತು ಬಾಯಿಗಿಟ್ಟೆ. ಉಪ್ಪು ಹಿಡಿಗಟ್ಟಲೆ ಸುರಿದಿದ್ದಳು. ಎರಡು ಸಲ ಬಿಡಿಸಿಕೊಂಡು ಉಂಡೆ.